ಸುಟ್ಟ ಕೇಬಲ್‌ಗೂ ಟೆಂಡರ್ ಸರದಿ

ಸಂಶೋಧನಾ ಸಂಸ್ಥೆಗಳ ಖರೀದಿ ನಿಯಮಗಳನ್ನು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಸಡಿಲಿಸಿತು. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿತು. ಒಳ್ಳೆಯದೇ. ಆದರೆ ಅದು ವೈಜ್ಞಾನಿಕ ಉಪಕರಣ, ಸಾಮಗ್ರಿಗಳ ಮಾತು. ನೆಲದಡಿಯ ಹೈಟೆನ್ಶನ್ ಕೇಬಲ್ ಕೈಕೊಟ್ಟರೆ ಸಾಮಾನ್ಯವಾಗಿ ಎಸ್ಟಿಮೇಟ್, ಟೆಂಡರ್, ಎಲ್‌1 (ಅತಿ ಕಡಿಮೆ ದರ ಕೂಗಿದವರು) ಎಂಬ ಹಳೆಯ ದಾರಿಯೇ. ದುರಸ್ತಿಯಾಗುವವರೆಗೆ ಲ್ಯಾಬಿನ ಮೈನಸ್ 80 ಡಿಗ್ರಿಯ ಫ್ರೀಜರ್‌ಗಳು ಜನರೇಟರನ್ನೇ ನೆಚ್ಚಿಕೊಂಡಿರಬೇಕು.

ಕಡಿಮೆ ದರದ ಪೈಪೋಟಿಯಲ್ಲಿ ಮೊದಲು ಪೆಟ್ಟು ತಿನ್ನುವುದು ಕೇಬಲ್‌ನ ಜಾಯಿಂಟ್. ನುರಿತ ಜಾಯಿಂಟರ್ ಹೊದಿಕೆ ಸುಲಿದು, ಕಪ್ಪು ಅರೆವಾಹಕ ಪದರವನ್ನು ನಿಗದಿತ ಉದ್ದದಷ್ಟು ಪೂರ್ತಿ ತೆಗೆದು, ತೇವ ನುಸುಳದಂತೆ ಕಿಟ್ ಕೂರಿಸಬೇಕು. ಅವಸರಿಸಿದರೆ ಮುಂದಿನ ಮಳೆಗೆ ಅಲ್ಲೇ ಸಿಡಿಯಬಹುದು, ಮತ್ತೊಂದು ಟೆಂಡರ್! ತುರ್ತು ದುರಸ್ತಿಗೆ ಸಂಸ್ಥೆಗಳು ವಾರ್ಷಿಕ ದರ ಒಪ್ಪಂದವನ್ನು ಮೊದಲೇ ಮಾಡಿಕೊಳ್ಳಲಿ. ಬಿಲ್ ಪಾಸಾಗುವ ಮುನ್ನ ಇನ್ಸುಲೇಷನ್ ಪರೀಕ್ಷೆಯ ವರದಿಯನ್ನು ಕೇಳಲಿ.