ಸುನಿಲ್ ಬಳಿಕ ಯಾರು?

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ ಭಾರತದ ಹಾಕಿ ತಂಡದಲ್ಲಿ ನಾಲ್ವರು ಕರ್ನಾಟಕದವರಿದ್ದರು: ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಮತ್ತು ಎಸ್.ವಿ. ಸುನಿಲ್. ನಾಲ್ವರೂ ಕೊಡಗಿನವರು. ಟೋಕಿಯೊದಲ್ಲಿ ಭಾರತ 41 ವರ್ಷಗಳ ಪದಕದ ಬರ ನೀಗಿಸಿಕೊಂಡಾಗ, 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಕಂಚು ಗೆದ್ದಾಗ, ತಂಡದಲ್ಲಿ ನಮ್ಮ ರಾಜ್ಯದ ಒಬ್ಬ ಆಟಗಾರನೂ ಇರಲಿಲ್ಲ.

ಸುನಿಲ್ ನಡೆದ ದಾರಿಯನ್ನು ನೋಡಿದರೆ ಈ ನಷ್ಟದ ಅಳತೆ ಸಿಗುತ್ತದೆ. ಸೋಮವಾರಪೇಟೆಯ ಬಡ ಮನೆಯಲ್ಲಿ ಬೆಳೆದ ಹುಡುಗ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ. ಹಾಕಿ ಸ್ಟಿಕ್ ಕೊಳ್ಳುವ ಶಕ್ತಿಯಿಲ್ಲದೆ ಬಿದಿರಿನ ಕೋಲು ಹಿಡಿದು ಆಡಿದ. 2007ರಲ್ಲಿ ಚೆನ್ನೈನ ಏಷ್ಯಾ ಕಪ್‌ನಲ್ಲಿ ಭಾರತದ ಪರ ಕಣಕ್ಕಿಳಿದಾಗ ವಯಸ್ಸು ಹದಿನೆಂಟು. 2009ರಲ್ಲಿ ಮಲೇಷ್ಯಾದಲ್ಲಿ ಅಜ್ಲಾನ್ ಶಾ ಕಪ್ ಆಡುತ್ತಿದ್ದಾಗ ತಂದೆ ತೀರಿಕೊಂಡರು. ಸುನಿಲ್ ತಂಡದ ಜೊತೆಗೇ ಉಳಿದರು. ಆ ಕಪ್ ಭಾರತದ ಪಾಲಾಯಿತು.

ಬಲಬದಿಯಿಂದ ಚೆಂಡು ಹಿಡಿದು ಓಡಿದರೆ ಡಿಫೆಂಡರ್‌ಗಳು ಹಿಂದೆ ಬೀಳುತ್ತಿದ್ದರು. 264 ಪಂದ್ಯ, 72 ಗೋಲು. 2014ರಲ್ಲಿ ಇಂಚಾನ್ ಏಷ್ಯನ್ ಗೇಮ್ಸ್ ಚಿನ್ನ, 2016 ಮತ್ತು 2018ರಲ್ಲಿ ಚಾಂಪಿಯನ್ಸ್ ಟ್ರೋಫಿ ಬೆಳ್ಳಿ, 2017ರಲ್ಲಿ ಅರ್ಜುನ ಪ್ರಶಸ್ತಿ. ಮೊಣಕಾಲಿನ ಗಾಯ 2018ರ ಭುವನೇಶ್ವರ ವಿಶ್ವಕಪ್ ತಪ್ಪಿಸಿತು. ಟೋಕಿಯೊ ತಂಡಕ್ಕೂ ಆಯ್ಕೆಯಾಗಲಿಲ್ಲ. 2021ರ ಅಕ್ಟೋಬರ್‌ನಲ್ಲಿ ನಿವೃತ್ತಿ ಘೋಷಿಸಿದರು.

1975ರಲ್ಲಿ ವಿಶ್ವಕಪ್ ಗೆದ್ದ ಬಿ.ಪಿ. ಗೋವಿಂದ, ಅಥೆನ್ಸ್ ಒಲಿಂಪಿಕ್ಸ್ ಆಡಿದ ಅರ್ಜುನ್ ಹಾಲಪ್ಪ ಕೂಡ ಸೋಮವಾರಪೇಟೆಯವರೇ. ಒಂದು ಸಣ್ಣ ಪೇಟೆ ಇಷ್ಟು ಕೊಟ್ಟಿದೆ. ಅದರಾಚೆಗಿನ ಸಕಲೇಶಪುರ, ಆಲೂರು ಸೀಮೆಯಲ್ಲೂ ಇರುವುದು ಅದೇ ಮಳೆ, ಅದೇ ಕಾಫಿ ತೋಟ, ಅಂಥದೇ ಗಟ್ಟಿ ಮಕ್ಕಳು. ಆ ಸೀಮೆಯ ಹೆಗ್ಗದ್ದೆಯಂಥ ಹಳ್ಳಿಯಲ್ಲಿ ಒಬ್ಬ ಸುನಿಲ್ ಇರಲಾರ ಎಂದು ಹೇಳಲು ಯಾವ ಕಾರಣವೂ ಇಲ್ಲ.

ತೊಡಕಿರುವುದು ಅಂಗಳದಲ್ಲಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಹಾಕಿ ಕೃತಕ ಟರ್ಫ್‌ಗೆ ಬಂತು. ನೀರು ಹಾಯಿಸಿದ ಟರ್ಫ್ ಮೇಲೆ ಚೆಂಡು ನೆಲಕ್ಕಂಟಿ ಜಾರುತ್ತದೆ, ಮಣ್ಣಿನ ಮೈದಾನದಲ್ಲಿ ಕಲ್ಲಿಗೆ ತಾಗಿ ಪುಟಿಯುತ್ತದೆ. ಮಣ್ಣಿನಲ್ಲೇ ಕಲಿತ ಹುಡುಗ ಟರ್ಫ್‌ಗೆ ಬಂದಾಗ ಚೆಂಡು ತಡೆಯುವುದನ್ನು, ಮೈ ಬಗ್ಗಿಸುವುದನ್ನು ಹೊಸದಾಗಿ ಕಲಿಯಬೇಕು. ಅದರ ಮೇಲೆ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಲೆಯ ಮೈದಾನವೆಲ್ಲ ಕೆಸರು. ಅಭ್ಯಾಸ ವರ್ಷಕ್ಕೆ ನಾಲ್ಕು ತಿಂಗಳು ನಿಂತೇಹೋಗುತ್ತದೆ.

ಬಿದಿರಿನ ಕೋಲಿನ ಕಥೆಯನ್ನು ಹಾಡಿ ಹೊಗಳಿದ್ದು ಸಾಕು. ಕೂಲಿಕಾರರ ಮಗುವಿಗೆ ಹತ್ತನೇ ವಯಸ್ಸಿಗೇ ಕೈಗೆ ಸ್ಟಿಕ್, ಕಾಲಡಿಗೆ ಟರ್ಫ್, ಹತ್ತಿರದಲ್ಲೇ ಒಂದು ಕ್ರೀಡಾ ವಸತಿ ನಿಲಯ ಸಿಗಬೇಕು. ಕ್ರೀಡಾ ಇಲಾಖೆ ಮುಂದಿನ ಬಜೆಟ್‌ನಲ್ಲಿ ಮಲೆನಾಡಿನ ತಾಲೂಕುಗಳಿಗೆ ಇದನ್ನು ಕೊಡಲಿ. ಈ ಭಾಗದ ಶಾಸಕರು ಪಕ್ಷ ಮರೆತು ಒಟ್ಟಾಗಿ ಕೇಳಲಿ.