ಸೆಟ್ಟಿಂಗ್ಸ್ ಏನು ಗುರೂ?

ಭಾನುವಾರ ಬೆಳಗ್ಗೆ ಏಳೂವರೆ, ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿ ಕೆರೆ. ಪಕ್ಕದಲ್ಲಿ ನಿಂತಿದ್ದ ಹುಡುಗನ ಕೈಯಲ್ಲಿ ನನ್ನ ಬೈಕಿಗಿಂತ ದುಬಾರಿ ಲೆನ್ಸು. ಎದುರಿಗೆ ಎಳೆಬಿಸಿಲಲ್ಲಿ ಒಂದು ಬೆಳ್ಳಕ್ಕಿ. ನಾನು ಎರಡು ಫೋಟೊ ಹೊಡೆದು ಸ್ಕ್ರೀನ್ ನೋಡ್ತಿದ್ದೆ. ಹುಡುಗ ಇಣುಕಿ ನೋಡಿ ಕೇಳಿದ, 'ಸೂಪರ್ ಸರ್, ಸೆಟ್ಟಿಂಗ್ಸ್ ಏನು?'

ಹೇಳಿದೆ. ಐಎಸ್‌ಒ 400, ಎಫ್ 6.3, ಶಟರ್ 1/2000. ಅವನು ಮ್ಯಾನುಯಲ್ ಮೋಡಿಗೆ ತಿರುಗಿಸಿ ಹಾಗೇ ಹಾಕಿಕೊಂಡ. ಅಷ್ಟರಲ್ಲಿ ಸೂರ್ಯನಿಗೆ ಮೋಡ ಅಡ್ಡ ಬಂತು. ಅವನ ಬೆಳ್ಳಕ್ಕಿ ಮಸಿಬಟ್ಟೆ ಬಣ್ಣಕ್ಕೆ ತಿರುಗಿತು. 'ಬಾಡಿ ಹಳೇದಾಯ್ತು ಸರ್, ಅಪ್‌ಗ್ರೇಡ್ ಮಾಡ್ಬೇಕು' ಅಂದ.

ನನಗೆ ಸಿಟ್ಟು ಬಂದಿದ್ದು ಆ ಹುಡುಗನ ಮೇಲಲ್ಲ. ಕೇಳಿದ ತಕ್ಷಣ ಮೂರು ನಂಬರ್ ಉದುರಿಸಿದ ನನ್ನ ಮೇಲೆ, ಮತ್ತೆ 'ಹಾರುವ ಹಕ್ಕಿಗೆ ಇಷ್ಟು, ಕೂತ ಹಕ್ಕಿಗೆ ಇಷ್ಟು' ಅಂತ ಪಟ್ಟಿ ಮಾಡಿ ಹಂಚುವ ನಮ್ಮಂಥ ಹಳೇ ಹುಲಿಗಳ ಮೇಲೆ. ಅಂಥದ್ದೊಂದು ಪಟ್ಟಿಯನ್ನು ಪ್ರಿಂಟ್ ತೆಗೆದು ಮೊದಲ ವರ್ಷವೆಲ್ಲ ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಿದವನು ನಾನೂ ಹೌದು. ನಮ್ಮ ಕಸುಬಿನಲ್ಲಿ ಇದು ಹೊಸದೇನಲ್ಲ ಬಿಡಿ. ಯಾರದ್ದೋ ಕೋಡ್ ಕಾಪಿ ಮಾಡಿ, ಯಾಕೆ ಓಡ್ತು ಅಂತ ಗೊತ್ತಿಲ್ಲದೆ ಪ್ರೊಡಕ್ಷನ್ನಿಗೆ ತಳ್ಳಿ, ರಾತ್ರಿ ಎರಡು ಗಂಟೆಗೆ ಅದು ಬಿದ್ದಾಗ ತಲೆ ಕೆರೆದುಕೊಳ್ಳುವ ಜನ ನಾವು. ಆದರೆ ಕೋಡ್ ಆದರೂ ನಾಳೆ ಅಷ್ಟೊತ್ತಿಗೆ ಅದೇ ಕೋಡ್ ಆಗಿರುತ್ತೆ. ಬೆಳಕು ಇರಲ್ಲ.

ಕ್ಯಾಮೆರಾದ ಮೀಟರಿಗೆ ಬೆಳ್ಳಕ್ಕಿ ಗೊತ್ತಿಲ್ಲ, ಕಾಗೆಯೂ ಗೊತ್ತಿಲ್ಲ. ಎದುರಿಗೆ ಕಂಡಿದ್ದೆಲ್ಲ ಸರಾಸರಿ ಬೂದು ಬಣ್ಣ ಅಂತಲೇ ಅದರ ಲೆಕ್ಕ. ಹತ್ತಿರದ ಬೆಳ್ಳಕ್ಕಿ ಫ್ರೇಮಿನ ತುಂಬ ನಿಂತರೆ, 'ಇಷ್ಟೊಂದು ಬೆಳಕಾ!' ಅಂತ ಹೆದರಿ ಎಕ್ಸ್‌ಪೋಷರ್ ಇಳಿಸುತ್ತೆ, ಹಕ್ಕಿ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಒಂದು ಗಂಟೆ ನಿಂತು ಬಂದಂತೆ ಕಾಣುತ್ತೆ. ಆಗ ನೀವು ಕಾಂಪೆನ್ಸೇಷನ್ನನ್ನು ಪ್ಲಸ್ ಕಡೆ ತಿರುಗಿಸಬೇಕು. ಅದೇ ಬೆಳ್ಳಕ್ಕಿ ದೂರದಲ್ಲಿ, ಕಪ್ಪು ನೀರಿನ ನಡುವೆ ಅಂಗೈಯಗಲ ಕಂಡರೆ? ಮೀಟರ್ ನೀರನ್ನು ನೋಡಿ 'ಕತ್ತಲೆ' ಅಂದುಕೊಂಡು ಬೆಳಕು ಸುರಿಯುತ್ತೆ, ಹಕ್ಕಿ ಸುಣ್ಣದ ಉಂಡೆ ಆಗುತ್ತೆ. ಒಂದು ಗರಿಯೂ ಉಳಿಯಲ್ಲ. ಆಗ ಮೈನಸ್. ಅದೇ ಹಕ್ಕಿ, ಅದೇ ಬಿಸಿಲು, ಅದೇ ಕೆರೆ. ಈಗ ಹೇಳಿ, ಇದರಲ್ಲಿ 'ಬೆಳ್ಳಕ್ಕಿ ಸೆಟ್ಟಿಂಗ್' ಯಾವುದು?

ನಾಮದ ಕೋಳಿ ಇನ್ನೂ ಚೆನ್ನಾಗಿ ಆಟ ಆಡಿಸುತ್ತೆ. ಮೈಯೆಲ್ಲ ಕಪ್ಪು, ಹಣೆ ಮೇಲೆ ಬಿಳೀ ನಾಮ. ಮೈ ಗರಿ ಕಾಣಲಿ ಅಂತ ಬೆಳಕು ಏರಿಸಿದರೆ ನಾಮ ಉರಿದುಹೋಗುತ್ತೆ. ನಾನು ನಾಮವನ್ನೇ ಉಳಿಸಿಕೊಳ್ಳುತ್ತೇನೆ. ರಾ ಫೈಲಿನಲ್ಲಿ ತೆಗೆದಿದ್ದರೆ ಕಪ್ಪನ್ನು ಆಮೇಲೆ ಸ್ವಲ್ಪ ಎತ್ತಬಹುದು, ಪೂರ್ತಿ ಸುಟ್ಟುಹೋದ ಬಿಳಿಯನ್ನು ಯಾವ ಸಾಫ್ಟ್‌ವೇರೂ ವಾಪಸ್ ಕೊಡಲ್ಲ. ಇನ್ನೊಬ್ಬರು ಬೇರೆ ಥರ ಮಾಡಬಹುದು. ಅಂದರೆ ಇದು ಆಯ್ಕೆ, ನಂಬರ್ ಅಲ್ಲ.

ಇನ್ನೊಂದು ಪಂಗಡ ಇದೆ. 'ನಿಜವಾದ ಫೋಟೊಗ್ರಾಫರ್ ಮ್ಯಾನುಯಲ್ಲಲ್ಲೇ ಹೊಡೀತಾನೆ' ಅನ್ನೋರು. ಇದೂ ಒಂಥರಾ ಮಡಿ. ಹಕ್ಕಿಯ ಮೇಲೆ ಬೀಳುವ ಬೆಳಕು ಒಂದೇ ಇದ್ದು ಹಿನ್ನೆಲೆ ಮಾತ್ರ ಬದಲಾಗುತ್ತಿದ್ದರೆ, ಅಂದರೆ ಬಿಸಿಲಲ್ಲಿ ನಡೆಯುವ ಬೆಳ್ಳಕ್ಕಿಯ ಹಿಂದೆ ಒಮ್ಮೆ ಜೊಂಡು, ಒಮ್ಮೆ ಹೊಳೆಯುವ ನೀರು ಬಂದರೆ, ಮ್ಯಾನುಯಲ್ ಒಳ್ಳೆಯದು. ಬಿಸಿಲಿಂದ ನೆರಳಿಗೆ, ನೆರಳಿಂದ ಬಿಸಿಲಿಗೆ ಹಾರುವ ಕಾಜಾಣಕ್ಕೆ ಮ್ಯಾನುಯಲ್ ಹಿಡಿದು ಕೂತರೆ ಡಯಲ್ ತಿರುಗಿಸೋದೇ ಕೆಲಸ, ಹಕ್ಕಿ ಸಿಗಲ್ಲ. ಅಲ್ಲಿ ಆಟೊ ಐಎಸ್‌ಒ ಹಾಕಿಕೊಂಡರೆ ಯಾರೂ ಜಾತಿಯಿಂದ ಹೊರಗೆ ಹಾಕಲ್ಲ.

ಐಎಸ್‌ಒ ಅಂದೆ ನೋಡಿ, ದೊಡ್ಡ ಭಯ ಇರುವುದೇ ಅಲ್ಲಿ. '400 ದಾಟಬೇಡಿ, ನಾಯ್ಸ್ ಬರುತ್ತೆ' ಅಂತ ಯಾರೋ ಹೇಳಿರ್ತಾರೆ. ಲಾಲ್‌ಬಾಗಿನ ದೊಡ್ಡ ಮರದ ನೆರಳಲ್ಲಿ ಐಎಸ್‌ಒ 400 ಇಟ್ಟರೆ ಶಟರ್ 1/60ಕ್ಕೆ ಇಳಿಯುತ್ತೆ, ಹಕ್ಕಿ ಕತ್ತು ಅಲ್ಲಾಡಿಸಿದರೆ ಮುಗೀತು. ನಾಯ್ಸ್ ಇರುವ ಫೋಟೊ ಫೋಟೊನೇ. ಮುಖವೇ ಕಲಸಿಹೋದ ಫೋಟೊ ಡಿಲೀಟ್ ಬಟನ್ನಿಗೆ. 3200ಕ್ಕೆ ಏರಿಸಿ ಸ್ವಾಮಿ, ಶಟರ್ 1/500 ಸಿಗುತ್ತೆ.

ನಂಬರಿಗೆ ಅಂಟಿಕೊಂಡವನು ಫೋಟೊ ಕೆಟ್ಟಾಗ ತಪ್ಪನ್ನು ಬೆಳಕಿನಲ್ಲಿ ಹುಡುಕಲ್ಲ. ಒಂದೋ ಇಎಂಐನಲ್ಲಿ ಹೊಸ ಲೆನ್ಸ್ ತರುತ್ತಾನೆ (ಅದು ಅವನ ದುಡ್ಡು, ಹಾಳಾಗಿ ಹೋಗಲಿ), ಇಲ್ಲ 'ಇನ್ನೂ ಹತ್ತಿರ ಹೋದ್ರೆ ಸರಿಹೋಗುತ್ತೆ' ಅಂತ ಜೊಂಡಿನೊಳಗೆ ನುಗ್ಗುತ್ತಾನೆ. ಹತ್ತಿರ ಹೋದರೆ ಹಕ್ಕಿ ದೊಡ್ಡದಾಗುತ್ತೆ, ಅದರ ಮೇಲೆ ಬಿದ್ದ ಬೆಳಕು ಎಳ್ಳಷ್ಟೂ ಹೆಚ್ಚಾಗಲ್ಲ. ಗುಳುಮುಳುಕ ನೀರಿನ ಮೇಲೆ ತೇಲುವ ಗೂಡು ಕಟ್ಟುತ್ತೆ. ಬಿಟ್ಟು ಹೋಗುವಾಗ ಮೊಟ್ಟೆಗಳ ಮೇಲೆ ಪಾಚಿ, ಕಳೆ ಎಳೆದು ಮುಚ್ಚುತ್ತೆ. ನಾವು ದಿಢೀರಂತ ನುಗ್ಗಿದರೆ ಮುಚ್ಚಲು ಪುರಸೊತ್ತು ಎಲ್ಲಿ? ಮೇಲೆ ಕಾಗೆ ಕಾಯ್ತಿರುತ್ತೆ. ಮೀಟರ್ ಅರ್ಥವಾಗದವನ ಸಾಲ ಹೀಗೆ ಹಕ್ಕಿ ತೀರಿಸಬೇಕಾಗುತ್ತೆ.

ಇದೇ ಬೆಂಗಳೂರಿನಲ್ಲಿ ಟಿ.ಎನ್.ಎ. ಪೆರುಮಾಳ್ ಇದ್ದರು. 1932ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡವರು. ಅವರ ಬದುಕಿನ ಬಹುಪಾಲು ಕೆಲಸ ಫಿಲ್ಮಿನದು. ರೋಲಿಗೆ 36 ಫೋಟೊ, ಹಿಂದೆ ಸ್ಕ್ರೀನ್ ಇಲ್ಲ, ತಪ್ಪಾಗಿದ್ದು ತಿಳಿಯುವುದು ತೊಳೆದ ಮೇಲೆ. ಮೂಡಿಗೆರೆಯಲ್ಲಿ ಹಕ್ಕಿಗಳ ಹಿಂದೆ ಬಿದ್ದ ತೇಜಸ್ವಿಯವರ ಕಥೆಯೂ ಅದೇ. ಬೆಳಕು ಓದಲು ಕಲಿಯದೆ ಅವರಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಹಿಸ್ಟೊಗ್ರಾಮ್ ಇದೆ, ಸುಟ್ಟ ಬಿಳಿಯನ್ನು ಮಿಣುಕಿಸಿ ತೋರಿಸುವ ಸೌಲಭ್ಯ ಇದೆ, ಆದರೂ ಪಕ್ಕದವನ ಸ್ಕ್ರೀನ್ ಇಣುಕುತ್ತೇವೆ.

'ಹಂಗಾದ್ರೆ ಹೊಸಬರಿಗೆ ಶುರು ಮಾಡೋಕೆ ಒಂದು ನಂಬರೂ ಬೇಡ್ವಾ?' ಬೇಕು, ಒಪ್ಪಿದೆ. ನಿಚ್ಚಳ ಬಿಸಿಲಲ್ಲಿ ಎಫ್ 16, ಶಟರ್ ಐಎಸ್‌ಒದಷ್ಟೇ ಅನ್ನುವ ಹಳೇ ಲೆಕ್ಕ ಇದೆ. ಐಎಸ್‌ಒ 400ಕ್ಕೆ 1/400. ಎಫ್ 5.6ಕ್ಕೆ ಬಂದರೆ 1/3200. ಆದರೆ ಆ ಲೆಕ್ಕದ ಮೊದಲ ಪದವೇ 'ಬಿಸಿಲು', ಗಮನಿಸಿ.

ಊರಲ್ಲಿ ನಮ್ಮಪ್ಪ ಬಿತ್ತನೆಗೆ ಮುಂಚೆ ಹೊಲದ ಮಣ್ಣು ಒಂದು ಹಿಡಿ ತಗೊಂಡು ಹಿಚುಕಿ ನೋಡ್ತಿದ್ದರು. ಉಂಡೆ ಕಟ್ಟಿ, ಬೆರಳು ತಾಗಿದರೆ ಉದುರಿದರೆ ಹದ ಬಂತು ಅಂತ. ಪಕ್ಕದ ಹೊಲದವರು ಯಾವತ್ತು ಬಿತ್ತಿದರು ಅಂತ ವಿಚಾರಿಸ್ತಿದ್ದರು ನಿಜ, ಆದರೆ ಹಿಚುಕಿದ್ದು ನಮ್ಮ ಮಣ್ಣನ್ನೇ.

ಮಡಿವಾಳ ಕೆರೆಗೋ ಪುಟ್ಟೇನಹಳ್ಳಿಗೋ ಹೋಗಿ ಒಂದೇ ಬೆಳ್ಳಕ್ಕಿಯ ಮುಂದೆ ಎರಡು ಗಂಟೆ ಕೂತು, ಪ್ಲಸ್ಸು ಮೈನಸ್ಸು ತಿರುಗಿಸಿ ನೋಡಿ. ಇನ್ನು ಮುಂದೆ ಯಾರಾದರೂ ಸೆಟ್ಟಿಂಗ್ಸ್ ಕೇಳಿದರೆ ನಾನು ಸಂಖ್ಯೆ ಹೇಳಲ್ಲ. 'ಬಿಸಿಲು ಯಾವ ಕಡೆಯಿಂದ ಬರ್ತಿದೆ, ಹಕ್ಕಿ ಹಿಂದೆ ಏನಿದೆ?' ಅಂತ ತಿರುಗಿ ಕೇಳ್ತೇನೆ. ಕೊಬ್ಬು ಅಂದುಕೊಂಡರೆ ಅಂದುಕೊಳ್ಳಲಿ.