ವೈಪರ್ ಹಾಳಾಗೋದು ಬೇಸಿಗೆಯಲ್ಲೇ

ಟ್ರಿಪ್‌ಗೆ ಗಾಡಿ ಬುಕ್ ಮಾಡುವಾಗ ನಾವೆಲ್ಲ ಏನು ಕೇಳ್ತೀವಿ? ಎಸಿ ಇದೆಯಾ, ಸ್ಪೀಕರ್ ಚೆನ್ನಾಗಿದೆಯಾ, ಚಾರ್ಜಿಂಗ್ ಪಾಯಿಂಟ್ ಎಷ್ಟಿವೆ. ವೈಪರ್ ಹೇಗಿದೆ ಅಂತ ಕೇಳಿದವರನ್ನು ನಾವಂತೂ ನೋಡಿಲ್ಲ. ಕಳೆದ ಜೂನ್‌ವರೆಗೆ ನಾವೂ ಕೇಳಿದವರಲ್ಲ.

ಆಗ ಕಲಬುರಗಿಯಿಂದ ಆಗುಂಬೆಗೆ ಹೊರಟಿದ್ದೆವು. ಹನ್ನೆರಡು ಜನ, ಒಂದು ಟೆಂಪೋ ಟ್ರಾವೆಲರ್. ಶಿವಮೊಗ್ಗದವರೆಗೆ ಬರೀ ತುಂತುರು. ತೀರ್ಥಹಳ್ಳಿ ದಾಟಿ ಕತ್ತಲಾಗುವ ಹೊತ್ತಿಗೆ ಶುರುವಾಯ್ತು ನೋಡಿ, ಮಲೆನಾಡಿನ ಮಳೆ ಅಂದ್ರೆ ಏನು ಅಂತ ಆವತ್ತು ಗೊತ್ತಾಯ್ತು. ಡ್ರೈವರ್ ಕಾಕಾ ವೈಪರ್ ಹಾಕಿದರು. ಕಟಕಟ ಸದ್ದು ಮಾಡುತ್ತಾ ಅದು ಅತ್ತಿತ್ತ ಓಡಾಡಿತೇ ಹೊರತು ನೀರು ಹೋಗಲಿಲ್ಲ, ಗಾಜಿನ ತುಂಬ ಬಳಿದುಕೊಂಡಿತು. ಎದುರಿನ ಬಸ್ಸಿನ ಹೆಡ್‌ಲೈಟ್ ಬಿದ್ದ ಕೂಡಲೇ ಗಾಜೆಲ್ಲ ಬೆಳ್ಳಗಾಯ್ತು. ಬಸ್ ದಾಟಿದ ಮೇಲೆ ನೋಡಿದರೆ, ರಸ್ತೆ ಬದಿಯಲ್ಲಿ ಕೊಡೆ ಹಿಡಿದು ನಡೆಯುತ್ತಿದ್ದವರೊಬ್ಬರು ನಮ್ಮ ಬಂಪರ್‌ಗೆ ಒಂದೆರಡು ಮಾರು ದೂರದಲ್ಲಿ! ಕಾಕಾ ಬ್ರೇಕ್ ಒತ್ತಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಗಾಡಿಯೊಳಗಿನ ಹಾಡು ನಿಂತುಹೋಯ್ತು.

"ನಮ್ಮ ಕಡಿ ವರ್ಷದಾಗ ಎಷ್ಟ್ ದಿನ ಮಳಿ ಬರ್ತದಪಾ? ವೈಪರ್ ಹಾಕೋದೇ ಕಡಿಮಿ. ಹಂಗಿದ್ದಾಗ ಅದು ಹ್ಯಾಂಗ ಸವೀತದ?" ಅಂದರು ಕಾಕಾ.

ನಮಗೂ ಸರಿ ಅನ್ನಿಸಿತು. ವಾಪಸ್ ಬಂದು ಫಸ್ಟ್ ಇಯರ್ ಕೆಮಿಸ್ಟ್ರಿಯ ಪಾಲಿಮರ್ ಪಾಠ ತೆಗೆದು ನೋಡಿದಾಗ ತಪ್ಪು ಎಲ್ಲಿದೆ ಅಂತ ತಿಳಿಯಿತು. ವೈಪರ್ ಉಜ್ಜಿ ಉಜ್ಜಿ ಸವೆಯೋದು ಒಂದು ಪಾಲು. ಸುಮ್ಮನೆ ಬಿಸಿಲಲ್ಲಿ ಕೂತು ಹಾಳಾಗೋದು ಇನ್ನೊಂದು ಪಾಲು. ನೈಸರ್ಗಿಕ ರಬ್ಬರಿನ ಅಣು ಸರಪಳಿಯಲ್ಲಿ ಡಬಲ್ ಬಾಂಡ್‌ಗಳಿರುತ್ತವೆ, ಗಾಳಿಯಲ್ಲಿರುವ ಓಝೋನ್ ಅಲ್ಲೇ ಕಡಿಯುತ್ತೆ. ಜೊತೆಗೆ ಯುವಿ ಕಿರಣ, ಶಾಖ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ನಿಂತ ಗಾಡಿಯ ಗಾಜು ಹೊರಗಿನ ಗಾಳಿಗಿಂತ ಹೆಚ್ಚು ಕಾದಿರುತ್ತೆ. ಆ ಗಾಜಿಗೆ ಸ್ಪ್ರಿಂಗ್ ಬ್ಲೇಡನ್ನು ಇಡೀ ದಿನ ಒತ್ತಿ ಹಿಡಿದಿರುತ್ತೆ. ತೆಳ್ಳಗಿನ ರಬ್ಬರ್ ಅಂಚು ಒಂದೇ ಕಡೆ ಬಾಗಿ ಗಟ್ಟಿಯಾಗುತ್ತೆ, ಬಿರುಕು ಬಿಡುತ್ತೆ. ಆಮೇಲೆ ವೈಪರ್ ದಿಕ್ಕು ಬದಲಿಸಿದಾಗ ಆ ಅಂಚು ಆಚೆ ಕಡೆಗೆ ಮಗುಚಿಕೊಳ್ಳಲ್ಲ. ನಾವು ಕೇಳಿದ ಕಟಕಟ ಅದೇ.

ಅಂದರೆ ಮಳೆ ಕಡಿಮೆ ಇರುವ ಊರಿನವರೇ ವೈಪರ್ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕು ಅನ್ನೋದು ನಮ್ಮ ವಾದ. ಆಗುಂಬೆಯವರಿಗೆ ವೈಪರ್ ಕೆಟ್ಟಿದ್ದು ಮೊದಲ ಮಳೆಗೇ ಗೊತ್ತಾಗುತ್ತೆ. ನಮಗೆ ಗೊತ್ತಾಗೋದು ಘಾಟಿ ರಸ್ತೆಯಲ್ಲಿ, ರಾತ್ರಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮೊದಲು ರಬ್ಬರ್ ನೋಡಿ. ನೈಸರ್ಗಿಕ ರಬ್ಬರ್ ಅಗ್ಗ, ಹೊಸದರಲ್ಲಿ ನೀಟಾಗಿ ಒರೆಸುತ್ತೆ, ಆದರೆ ಬಿಸಿಲು ತಡೆಯಲ್ಲ. ಇಪಿಡಿಎಂ ಎಂಬ ಸಿಂಥೆಟಿಕ್ ರಬ್ಬರಿನ ಮುಖ್ಯ ಸರಪಳಿಯಲ್ಲಿ ಡಬಲ್ ಬಾಂಡ್ ಇಲ್ಲ, ಹಾಗಾಗಿ ಓಝೋನಿಗೆ ಸುಲಭವಾಗಿ ಬಗ್ಗಲ್ಲ. ಸಿಲಿಕೋನ್‌ನ ಬೆನ್ನೆಲುಬು ಸಿಲಿಕಾನ್ ಮತ್ತು ಆಕ್ಸಿಜನ್‌ನದು; ಶಾಖ, ಯುವಿ ಎರಡನ್ನೂ ಚೆನ್ನಾಗಿ ತಡೆಯುತ್ತೆ. ರೇಟು ಜಾಸ್ತಿ. ಗಾಜು ಕೊಳಕಾಗಿದ್ದರೆ ಅದೂ ಕಿರಿಕಿರಿ ಸದ್ದು ಮಾಡುತ್ತೆ. ವರ್ಷವಿಡೀ ಬಯಲಲ್ಲೇ ನಿಲ್ಲುವ ಗಾಡಿಗೆ ಸಿಲಿಕೋನ್ ಅಥವಾ ಇಪಿಡಿಎಂ ಹಾಕಿಸಿ. ನೆರಳಲ್ಲಿ ನಿಲ್ಲೋ ಗಾಡಿಗೆ ಸಾದಾ ರಬ್ಬರನ್ನೇ ಪ್ರತಿ ಮೇ ಕೊನೆಯಲ್ಲಿ ಬದಲಿಸಿದರೂ ನಡೆಯುತ್ತೆ.

ಎರಡನೆಯದು ಫ್ರೇಮ್. ಹಳೇ ಮಾದರಿಯ ಲೋಹದ ಫ್ರೇಮ್ ಕೆಲವೇ ಬಿಂದುಗಳಲ್ಲಿ ರಬ್ಬರನ್ನು ಒತ್ತುತ್ತೆ. ಅದರ ಕೀಲುಗಳಲ್ಲಿ ಧೂಳು ತುಂಬಿದರೆ ಬಿಗಿಯಾಗುತ್ತೆ, ಕರಾವಳಿಯಲ್ಲಾದರೆ ತುಕ್ಕು. ಫ್ಲ್ಯಾಟ್ ಬ್ಲೇಡಿನೊಳಗೆ ಬಾಗಿದ ಸ್ಪ್ರಿಂಗ್ ಸ್ಟೀಲ್ ಪಟ್ಟಿ ಇರುತ್ತೆ, ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮ ಒತ್ತಡ ಕೊಡುತ್ತೆ, ಧೂಳು ತುಂಬಲು ಕೀಲುಗಳೇ ಇಲ್ಲ. ಕೊಳ್ಳುವ ಮುಂಚೆ ಎರಡೂ ಕಡೆಯ ಬ್ಲೇಡಿನ ಉದ್ದ ಅಳೆಯಿರಿ, ಬಹಳ ಗಾಡಿಗಳಲ್ಲಿ ಎರಡೂ ಒಂದೇ ಇರಲ್ಲ. ತೋಳಿನ ಕೊಕ್ಕೆಗೆ ಕೂರುತ್ತಾ ಅಂತಲೂ ನೋಡಿ.

"ಅಷ್ಟು ದುಡ್ಡು ಯಾಕೆ, ಗಾಜಿಗೆ ತಂಬಾಕು ಉಜ್ಜಿದ್ರೆ ಆಯ್ತು" ಅನ್ನೋರಿದ್ದಾರೆ. ಆ ರಾತ್ರಿ ಕಾಕಾನೂ ಉಜ್ಜಿದರು, ನಿಧಾನಕ್ಕೆ ಲಾಡ್ಜ್ ಮುಟ್ಟಿದೆವು. ಅದು ದಾರಿಯಲ್ಲಿ ಸಿಕ್ಕಿಹಾಕಿಕೊಂಡವರ ಉಪಾಯ, ಮೇಂಟೆನೆನ್ಸ್ ಅಲ್ಲ. ರಬ್ಬರ್ ಮೆತ್ತಗಾಗಲಿ ಅಂತ ಡೀಸೆಲ್, ಎಂಜಿನ್ ಆಯಿಲ್ ಹಚ್ಚೋದಂತೂ ಬೇಡವೇ ಬೇಡ, ರಬ್ಬರ್ ಉಬ್ಬಿ ಇನ್ನೂ ಹಾಳಾಗುತ್ತೆ, ಗಾಜಿಗೂ ಜಿಡ್ಡು. ಒದ್ದೆ ಬಟ್ಟೆಯಲ್ಲಿ ಅಂಚು ಒರೆಸಿ ಸಾಕು. ಧೂಳು ಕೂತ ಒಣ ಗಾಜಿನ ಮೇಲೆ ವೈಪರ್ ಓಡಿಸಬೇಡಿ, ಆ ಮರಳೇ ಗಾಜಿಗೆ ಗೀರು ಹಾಕುತ್ತೆ.

ಕಾಕಾನನ್ನು ದೂರುವುದಕ್ಕೆ ನಾವಿದನ್ನು ಬರೆಯುತ್ತಿಲ್ಲ. ಎಷ್ಟು ಕಮ್ಮಿಗೆ ಬರ್ತೀರಾ ಅಂತ ಚೌಕಾಸಿ ಮಾಡಿದವರು ನಾವೇ. ಆ ಕಮ್ಮಿ ಮಾಡಿದ ದುಡ್ಡಲ್ಲಿ ಒಂದು ಜೊತೆ ಒಳ್ಳೆ ಬ್ಲೇಡ್ ಬರ್ತಿತ್ತು. ಕಾರಿನ ಡಿಸೈನ್, ಟಾರ್ಕ್ ಅಂತ ಕ್ಯಾಂಟೀನಲ್ಲಿ ಗಂಟೆಗಟ್ಟಲೆ ಮಾತಾಡುವ ನಾವು ಕಣ್ಣೆದುರಿಗಿನ ರಬ್ಬರ್ ಪಟ್ಟಿಯನ್ನು ಒಂದು ಸಲವೂ ಮುಟ್ಟಿ ನೋಡಿರಲಿಲ್ಲ.

ಈ ಸಲ ಗಾಡಿ ಬುಕ್ ಮಾಡುವಾಗ ಸ್ಪೀಕರ್ ಕೇಳುವ ಮೊದಲು ಗಾಜಿಗೆ ಒಂದು ಮಗ್ ನೀರು ಹಾಕಿ, ವೈಪರ್ ಓಡಿಸಿ ಅನ್ನಿ. ಗೆರೆ ಉಳಿದರೆ ಬದಲಿಸೋವರೆಗೂ ಹತ್ತಬೇಡಿ. ನಮ್ಮ ಕಾಲೇಜು ಬಸ್ಸುಗಳನ್ನೂ ಮೇ ಮುಗಿಯುವುದರೊಳಗೆ ಹೀಗೇ ನೋಡೋಣ. ಒಂದು ಗಾಡಿಗೆ ಐದು ನಿಮಿಷ ಸಾಕು.